ಎರಡೂವರೆ ರೂಪಾಯಿಯ ಇನ್‌ಲ್ಯಾಂಡ್ ಲೆಟರ್: ಕೆಲಸದವರಿಗೆ ಮೆಚ್ಚುಗೆ ಪತ್ರ ಬರೆಯುವವರು ಒಮ್ಮೆ ಬಳಸಿ ನೋಡಿ

ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಲೈನ್‌ಗಳ ಉಸ್ತುವಾರಿ ನನ್ನದು. ಚೆನ್ನಾಗಿ ಕೆಲಸ ಮಾಡಿದವರಿಗೆ ಪತ್ರ ಬರೆಯಲು ಈಗ ನಾನು ಅಂಚೆ ಇಲಾಖೆಯ ನೀಲಿ ಇನ್‌ಲ್ಯಾಂಡ್ ಲೆಟರನ್ನೇ ಬಳಸುತ್ತೇನೆ. ನಾನು ಕೊಂಡಾಗ ಬೆಲೆ 2 ರೂಪಾಯಿ 50 ಪೈಸೆ. ಕವರ್ ಬೇಡ, ಸ್ಟಾಂಪ್ ಬೇಡ. ಬರೆದು, ಮಡಚಿ, ಅಂಟಿಸಿ ಡಬ್ಬಿಗೆ ಹಾಕಿದರೆ ಮುಗೀತು.

ಎಲ್ಲಾ ಕಡೆ ಇರುವುದು ಸರ್ಟಿಫಿಕೇಟ್ ಪದ್ಧತಿ, ಅಲ್ವಾ? ಚಿನ್ನದ ಬಣ್ಣದ ಅಂಚು, ಹೆಸರು ತುಂಬಲು ಖಾಲಿ ಜಾಗ, ಕೆಳಗೆ ಸ್ಕ್ಯಾನ್ ಮಾಡಿದ ಸಹಿ, "ನಿಮ್ಮ ಅಮೂಲ್ಯ ಸೇವೆಯನ್ನು ಶ್ಲಾಘಿಸುತ್ತೇವೆ" ಅನ್ನುವ ಒಂದು ಸಾಲು. ಯಾವ ಸೇವೆ? ಯಾವತ್ತು ಮಾಡಿದ್ದು? ಅದರಿಂದ ಯಾರಿಗೆ ಅನುಕೂಲವಾಯಿತು? ಹೆಸರು ಬದಲಿಸಿದರೆ ಅದನ್ನೇ ಪಕ್ಕದ ಮಷಿನ್‌ನವರಿಗೂ ಕೊಡಬಹುದು. ತೆಗೆದುಕೊಂಡವರಿಗೂ ಅದು ಗೊತ್ತಿರುತ್ತದೆ.

ಇನ್‌ಲ್ಯಾಂಡ್ ಲೆಟರ್‌ನಲ್ಲಿ ಅಚ್ಚು ಹಾಕಿದ ಹೊಗಳಿಕೆ ಇರುವುದಿಲ್ಲ. ಹಾಳೆ ಖಾಲಿ, ಜಾಗವೂ ಕಡಿಮೆ. ಏನು ಬರೆಯಬೇಕು ಅಂತ ಕೂತು ಯೋಚನೆ ಮಾಡಲೇಬೇಕು. ನಮ್ಮಲ್ಲಿ ಕಾಲರ್ ಜೋಡಿಸುವ ಟೈಲರ್ ಅಕ್ಕ ಒಬ್ಬರಿದ್ದಾರೆ. ಒಂದು ಬಂಡಲ್‌ನಲ್ಲಿ ಬಾಡಿ ಬಟ್ಟೆಯ ಬಣ್ಣಕ್ಕೂ ಕಾಲರ್ ಬಣ್ಣಕ್ಕೂ ತುಂಬಾ ಸಣ್ಣ ವ್ಯತ್ಯಾಸ ಇತ್ತು, ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಾಣಿಸುವುದೇ ಕಷ್ಟ. ಅವರು ಕಿಟಕಿ ಹತ್ತಿರ ಹಿಡಿದು ನೋಡಿ, ಬಂಡಲ್ ಅದಲು ಬದಲಾಗಿದೆ ಎಂದು ಸೂಪರ್‌ವೈಸರ್‌ಗೆ ತೋರಿಸಿದರು. ಅವರಿಗೆ ನಾನು ಬರೆದದ್ದು ಹೀಗೆ:

"ಗುರುವಾರ ಮಧ್ಯಾಹ್ನ ನೀವು ಮಷಿನ್ ನಿಲ್ಲಿಸಿ ಕಾಲರನ್ನು ಕಿಟಕಿ ಬೆಳಕಿಗೆ ಹಿಡಿದಿರಿ. ನಿಮ್ಮ ಟಾರ್ಗೆಟ್ ಹಿಂದೆ ಬೀಳುತ್ತದೆ ಅಂತ ಗೊತ್ತಿದ್ದೂ ನಿಲ್ಲಿಸಿದಿರಿ. ಆ ಬಂಡಲ್ ಹಾಗೇ ಮುಂದೆ ಹೋಗಿದ್ದರೆ ಅಷ್ಟೂ ಶರ್ಟ್ ಬಿಚ್ಚಿ ಮತ್ತೆ ಹೊಲಿಯಬೇಕಿತ್ತು. ಆ ಕೆಲಸವೆಲ್ಲ ನಿಮ್ಮ ಲೈನಿನವರ ತಲೆ ಮೇಲೆ ಬೀಳುತ್ತಿತ್ತು. ಅದನ್ನು ತಪ್ಪಿಸಿದ್ದು ನೀವು. ನಿಮಗೆ ನನ್ನ ಧನ್ಯವಾದಗಳು."

ಇಷ್ಟೇ. "ಇನ್ನು ಮುಂದೆಯೂ ಹೀಗೇ ಕಷ್ಟಪಟ್ಟು ದುಡಿಯಿರಿ" ಅಂತ ಕೊನೆಗೆ ಸೇರಿಸಬೇಡಿ. ಆ ಒಂದು ಸಾಲು ಬಂದರೆ ಮೆಚ್ಚುಗೆ ಹೋಗಿ ಬುದ್ಧಿಮಾತು ಆಗುತ್ತದೆ.

ಈ ಪತ್ರದ ಒಳಗೆ ಬೇರೆ ಏನನ್ನೂ ಇಡಬಾರದು ಅನ್ನುವುದು ಅಂಚೆಯವರ ನಿಯಮ, ಹಾಳೆಯ ಮೇಲೇ ಅಚ್ಚಾಗಿರುತ್ತದೆ. ನನಗೆ ಇದು ತುಂಬಾ ಇಷ್ಟ. ನೂರು ರೂಪಾಯಿ ಕೂಪನ್ ಇಟ್ಟರೆ ಓದುವವರ ಕಣ್ಣು ಕೂಪನ್ ಮೇಲೇ ಹೋಗುತ್ತದೆ. ಬೋನಸ್, ಇನ್‌ಕ್ರಿಮೆಂಟ್ ಕೊಡಬೇಕಾದ್ದನ್ನು ಸಂಬಳದಲ್ಲೇ ಕೊಡಬೇಕು, ಪತ್ರ ಕೊಟ್ಟೆವಲ್ಲ ಅಂತ ಅದನ್ನು ತಪ್ಪಿಸುವುದು ಅನ್ಯಾಯ.

ಇನ್ನೊಂದು ದೊಡ್ಡ ಅನುಕೂಲ, ಪತ್ರ ಊರಿನ ಮನೆಗೇ ಹೋಗುತ್ತದೆ. ಪೆಪ್ಸಿಕೋ ಮುಖ್ಯಸ್ಥೆಯಾಗಿದ್ದ ಇಂದ್ರಾ ನೂಯಿ ತಮ್ಮ ಹಿರಿಯ ಅಧಿಕಾರಿಗಳ ತಂದೆತಾಯಿಗೆ ಪತ್ರ ಬರೆಯುತ್ತಿದ್ದರು. ತಾವು ಸಿಇಒ ಆದಮೇಲೆ ಭಾರತಕ್ಕೆ ಬಂದಾಗ, ಮನೆಗೆ ಬಂದವರೆಲ್ಲ ಅಮ್ಮನನ್ನು ಅಭಿನಂದಿಸಿದ್ದನ್ನು ನೋಡಿ ಈ ಯೋಚನೆ ಬಂತು ಅಂತ ಅವರೇ ಹೇಳಿದ್ದಾರೆ. ಅಧಿಕಾರಿಗಳ ಅಪ್ಪ ಅಮ್ಮನಿಗೆ ಆಗುವ ಖುಷಿ ಟೈಲರ್ ಅಪ್ಪ ಅಮ್ಮನಿಗೆ ಆಗಲ್ವಾ? ಆದರೆ ಕೇಳಿಯೇ ಕಳಿಸಿ. ಎಲ್ಲರಿಗೂ ಮನೆಗೆ ಪತ್ರ ಹೋಗುವುದು ಬೇಕಿರುವುದಿಲ್ಲ. ಸಂಬಳದ ವಿಷಯವಂತೂ ಬರೆಯಲೇಬೇಡಿ. ಮತ್ತೆ ಓದುವವರ ಭಾಷೆಯಲ್ಲಿ ಬರೆಯಿರಿ. ನಮ್ಮಲ್ಲಿ ಒಡಿಶಾದ ಹುಡುಗಿಯರು ಜಾಸ್ತಿ, ಅವರಿಗೆ ನಾನು ಹೇಳಿದ್ದನ್ನು ಲೈನಿನಲ್ಲೇ ಒಬ್ಬರು ಒಡಿಯಾದಲ್ಲಿ ಬರೆದುಕೊಡುತ್ತಾರೆ. ಸಹಿ ಮಾತ್ರ ನನ್ನದು.

"ಇಷ್ಟಕ್ಕೆಲ್ಲ ಟೈಮ್ ಎಲ್ಲಿದೆ?" ಅನ್ನುವವರಿಗೆ ಒಂದು ಮಾತು. ಅಮೆರಿಕದ ಕ್ಯಾಂಪ್‌ಬೆಲ್ ಸೂಪ್ ಕಂಪನಿಗೆ 2001ರಿಂದ 2011ರವರೆಗೆ ಸಿಇಒ ಆಗಿದ್ದ ಡಗ್ ಕೋನಂಟ್ ತಮ್ಮ ಕೆಲಸಗಾರರಿಗೆ ಸುಮಾರು 30,000 ಪತ್ರಗಳನ್ನು ಕೈಯಲ್ಲೇ ಬರೆದರು. ನಮ್ಮ ಫ್ಲೋರ್‌ನಲ್ಲಿ ವಾರಕ್ಕೊಂದು ಬರೆಯಲು ಟೈಮ್ ಇಲ್ಲ ಅಂದರೆ ನಾನು ನಂಬುವುದಿಲ್ಲ.

ಕೊರತೆಗಳೂ ಇವೆ. ಅಂಚಿನ ಗೋಂದು ಸರಿಯಾಗಿ ಹಿಡಿಯುವುದಿಲ್ಲ, ಬೇರೆ ಗಮ್ ಹಚ್ಚಲೇಬೇಕು. ಹಾಳೆ ತೆಳು. ಜೆಲ್ ಪೆನ್ನಿನಲ್ಲಿ ಬರೆದರೆ ಹಿಂದಕ್ಕೆ ಮೂಡುತ್ತದೆ, ಮಾಮೂಲಿ ಬಾಲ್‌ಪೆನ್ ಸಾಕು. ಸಣ್ಣ ಅಂಚೆ ಕಚೇರಿಗಳಲ್ಲಿ ಸ್ಟಾಕ್ ಇಲ್ಲ ಅಂತ ವಾಪಸ್ ಕಳಿಸುವುದುಂಟು, ಸಿಕ್ಕಾಗ ಒಂದಿಷ್ಟು ಜಾಸ್ತಿಯೇ ತಂದಿಟ್ಟುಕೊಳ್ಳಿ. ಟ್ರ್ಯಾಕಿಂಗ್ ಇಲ್ಲ, ಯಾವಾಗ ತಲುಪುತ್ತದೆ ಅಂತ ಹೇಳಲಾಗದು. ವಿಳಾಸದಲ್ಲಿ ಊರಿನ ಹೆಸರಷ್ಟೇ ಇದ್ದರೆ ಸಾಲದು. ಅಂಚೆ ಕಚೇರಿ, ತಾಲ್ಲೂಕು, ಜಿಲ್ಲೆ, ಆರಂಕಿಯ ಪಿನ್ ಕೋಡ್ ಎಲ್ಲ ಬೇಕು. ಆಧಾರ್‌ನಲ್ಲಿ ಇರುವ ಪಿನ್ ಕೆಲವೊಮ್ಮೆ ತಪ್ಪಿರುತ್ತದೆ, ಅವರನ್ನೇ ಕೇಳಿ ಬರೆದುಕೊಳ್ಳಿ.

50 ಪೈಸೆಯ ಪೋಸ್ಟ್ ಕಾರ್ಡ್ ಇನ್ನೂ ಅಗ್ಗ. ಆದರೆ ಅದನ್ನು ದಾರಿಯಲ್ಲಿ ಯಾರು ಬೇಕಾದರೂ ಓದಬಹುದು, ಹಾಗಾಗಿ ನಾನು ಬಳಸುವುದಿಲ್ಲ.

ಒಂದು ಕಡೆ ಮಾತ್ರ ಇದು ಸಾಲದು. ಮುಂದೆ ಪ್ರಮೋಷನ್‌ಗೋ ಬೇರೆ ಕೆಲಸಕ್ಕೋ ತೋರಿಸಬೇಕಾದರೆ ಕೈಬರಹದ ನೀಲಿ ಹಾಳೆಯನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅದಕ್ಕೇ ಅದೇ ಮಾತುಗಳನ್ನು ಕಂಪನಿ ಲೆಟರ್‌ಹೆಡ್‌ನಲ್ಲಿ ಟೈಪ್ ಮಾಡಿಸಿ, ಸೀಲು ಹಾಕಿಸಿ, ಒಂದು ಪ್ರತಿ ಅವರ ಕೈಗೆ, ಒಂದು ಪ್ರತಿ ಎಚ್‌ಆರ್ ಫೈಲಿಗೆ ಕೊಡುತ್ತೇನೆ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಗೋಂದಿಗೆ ಮತ್ತು ಸ್ಟಾಕ್ ಇಲ್ಲದ್ದಕ್ಕೆ.