194 ನಿಮಿಷ ಅಂತ ಕೊಂಡೆ, 144 ನಿಮಿಷ ಬಂತು: ಹಳೇ ಸಿನಿಮಾ ಡಿಸ್ಕ್ ಕೊಳ್ಳೋರು ಹುಷಾರು

ಸೆಕೆಂಡ್ ಹ್ಯಾಂಡ್ ಆ್ಯಪ್‌ನಲ್ಲಿ ‘ರಿಡ್ಲಿ ಸ್ಕಾಟ್ ಡೈರೆಕ್ಟರ್ಸ್ ಕಟ್ ಕಲೆಕ್ಷನ್, ಒರಿಜಿನಲ್ ಇಂಪೋರ್ಟೆಡ್’ ಅನ್ನೋ ಜಾಹೀರಾತು ಕಂಡರೆ ದಯವಿಟ್ಟು ಮುಟ್ಟಬೇಡಿ. ನಾನು ಮುಟ್ಟಿದೆ. 3,800 ರೂಪಾಯಿ ಹೋಯಿತು. ಹಣ ಹಾಳಾಗಿ ಹೋಗಲಿ, ಜನರನ್ನು ಮನೆಗೆ ಕರೆದು ಅವರೆದುರಿಗೇ ಮಂಗ ಆದೆನಲ್ಲ, ಅದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ನನಗೆ ಸಿನಿಮಾ ನಿರ್ದೇಶಕ ರಿಡ್ಲಿ ಸ್ಕಾಟ್ ಅಂದರೆ ಹುಚ್ಚು. ಅದರೊಳಗೆ ಇನ್ನೊಂದು ಹುಚ್ಚು, ಒಂದೇ ಸಿನಿಮಾದ ಬೇರೆ ಬೇರೆ ಕಟ್, ಅಂದರೆ ಬೇರೆ ಬೇರೆ ಥರ ಎಡಿಟ್ ಮಾಡಿದ ರೂಪ, ನೋಡೋದು. ‘ಕಿಂಗ್‌ಡಮ್ ಆಫ್ ಹೆವನ್’ 2005ರಲ್ಲಿ ಥಿಯೇಟರ್‌ಗೆ ಬಂದಾಗ 144 ನಿಮಿಷ ಇತ್ತು. ನೋಡಿ ಹೊರಗೆ ಬಂದು ‘ಇಷ್ಟೇನಾ?’ ಅಂದುಕೊಂಡಿದ್ದೆ. ಸಿಬಿಲಾ ರಾಣಿ ಕೊನೆಗೆ ಯಾಕೆ ಹಾಗೆ ಕುಸಿದು ಹೋಗುತ್ತಾಳೆ ಅನ್ನೋದು ತಲೆಗೇ ಹತ್ತಿರಲಿಲ್ಲ. ಎಷ್ಟೋ ವರ್ಷ ಆದ ಮೇಲೆ ಗೆಳೆಯನ ಲ್ಯಾಪ್‌ಟಾಪ್‌ನಲ್ಲಿ ಡೈರೆಕ್ಟರ್ಸ್ ಕಟ್, ಅಂದರೆ ನಿರ್ದೇಶಕನ ಎಡಿಟಿಂಗ್‌ನ ರೂಪ, ನೋಡಿದೆ. 194 ನಿಮಿಷ. ನೋಡಿದರೆ ಅವಳಿಗೊಬ್ಬ ಮಗ ಇದ್ದಾನೆ! ಕುಷ್ಠರೋಗದಿಂದ ಸೋದರಮಾವ ಸತ್ತ ಮೇಲೆ ಆ ಪುಟ್ಟ ಹುಡುಗನೇ ರಾಜ. ಮುದ್ರೆ ಒತ್ತುವ ಬಿಸಿ ಅರಗು ಅವನ ಕೈ ಮೇಲೆ ಬೀಳುತ್ತದೆ, ಹುಡುಗನಿಗೆ ಗೊತ್ತೇ ಆಗುವುದಿಲ್ಲ. ಅಷ್ಟೇ, ಇವನಿಗೂ ಅದೇ ರೋಗ ಅಂತ ತಾಯಿಗೆ ತಿಳಿದುಹೋಗುತ್ತದೆ. ಇಂಥ ಎಳೆಯನ್ನೇ ಥಿಯೇಟರ್ ಪ್ರಿಂಟ್‌ನಿಂದ ಕಿತ್ತು ಬಿಸಾಕಿದ್ದರು. ಬರೀ ಯುದ್ಧ ಸಾಕು ಅಂತ ಇರಬೇಕು.

ಇದನ್ನೆಲ್ಲ ನಮ್ಮ ಭಾವನ ಹತ್ತಿರ ಎಷ್ಟು ಸಲ ಹೇಳಿದ್ದೆನೋ. ಅವರು ಒಪ್ಪುತ್ತಿರಲಿಲ್ಲ. ‘ಐವತ್ತು ನಿಮಿಷ ಜಾಸ್ತಿ ಎಳೆದ್ರೆ ಸಿನಿಮಾ ಚೆನ್ನಾಗಾಗುತ್ತೇನೋ?’ ಅಂತ ನಗುತ್ತಿದ್ದರು. ಉದ್ದದ ಮಾತಲ್ಲ ಭಾವ ಅಂತ ವಾದ ಮಾಡಿದೆ. ‘ಏಲಿಯನ್’ ಸಿನಿಮಾದ 2003ರ ಡೈರೆಕ್ಟರ್ಸ್ ಕಟ್ 1979ರದ್ದಕ್ಕಿಂತ ಸುಮಾರು ಒಂದು ನಿಮಿಷ ಗಿಡ್ಡ. ಸ್ಕಾಟ್‌ಗೇ ಹಳೇದೇ ಇಷ್ಟ. ಕೊನೆಗೆ ನಮ್ಮ ರಾಮನಗರದ ಬಂಡೆಗಳನ್ನೇ ಸಾಕ್ಷಿಗೆ ಕರೆಯಬೇಕಾಯಿತು. ‘ಶೋಲೆ’ಯಲ್ಲಿ ಠಾಕೂರ್ ಮೊಳೆ ಹೊಡೆದ ಬೂಟಿನಿಂದ ಗಬ್ಬರ್‌ನನ್ನು ಕೊಂದೇ ಬಿಡುತ್ತಾನೆ, ಮೊದಲು ತೆಗೆದಿದ್ದು ಹಾಗೆ. ತುರ್ತು ಪರಿಸ್ಥಿತಿಯ ಕಾಲ, ಸೆನ್ಸಾರ್‌ನವರು ಬಿಡಲಿಲ್ಲ. ಪೊಲೀಸರು ಬಂದು ತಡೆಯುವ ಹಾಗೆ ಮತ್ತೆ ಶೂಟ್ ಮಾಡಿದರು. ಮೊದಲಿನ ಕೊನೆ ಇರುವ, ರಿಪೇರಿ ಮಾಡಿದ ಪ್ರಿಂಟನ್ನು 2025ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ತೋರಿಸಿದರು. ಇದಕ್ಕೆ ಮಾತ್ರ ಭಾವ ಸುಮ್ಮನಾದರು. ‘ಸರಿ ಕಣಪ್ಪಾ, ನಿನ್ನ ಆ ಹುಡುಗ ಇರೋ ಸಿನಿಮಾ ತರಿಸು. ನೋಡೇ ಬಿಡೋಣ’ ಅಂದರು.

ಆ ವಾರವೇ ಈ ಜಾಹೀರಾತು ಕಣ್ಣಿಗೆ ಬೀಳಬೇಕೇ. ‘ಕಿಂಗ್‌ಡಮ್ ಆಫ್ ಹೆವನ್’ ನಾಲ್ಕು ಡಿಸ್ಕ್, ಜೊತೆಗೆ ‘ಬ್ಲೇಡ್ ರನ್ನರ್’ ಐದು ಡಿಸ್ಕಿನ ಸೆಟ್. ಎರಡೂ ಸೇರಿ 3,800. ಡಿಸ್ಕ್ ಹಿಂಭಾಗದ ಫೋಟೋ ಕಳಿಸಿ ಅಂದೆ. ಅಂದೆ ಕಣ್ರೀ, ಕೇಳಲಿಲ್ಲ ಅಂತಲ್ಲ! ‘ಆಫೀಸಲ್ಲಿದ್ದೀನಿ ಸರ್, ಸಂಜೆ ಕಳಿಸ್ತೀನಿ. ಇನ್ನೊಬ್ರು 4,500ಕ್ಕೆ ಕೇಳ್ತಿದ್ದಾರೆ. ನಿಮಗೆ ಟೇಸ್ಟ್ ಇದೆ ಅಂತ ಗೊತ್ತಾಯ್ತು, ಅದಕ್ಕೇ ನಿಮಗೇ ಕೊಡೋಣ ಅಂತ’ ಅಂದ. ಟೇಸ್ಟ್ ಇದೆ ಅಂದಿದ್ದೇ ತಡ, ನಾನು ಪೂರ್ತಿ ದುಡ್ಡು ಹಾಕಿಬಿಟ್ಟೆ. ಸಂಜೆಯೂ ಬರಲಿಲ್ಲ, ಫೋಟೋನೂ ಬರಲಿಲ್ಲ. ಕೊರಿಯರ್ ಮಾತ್ರ ಬಂತು. ಡಬ್ಬ ಎಷ್ಟು ಚೆನ್ನಾಗಿತ್ತು ಅಂದರೆ ಡಿಸ್ಕ್ ತಿರುಗಿಸಿ ನೋಡಬೇಕು ಅಂತಲೇ ಅನ್ನಿಸಲಿಲ್ಲ. ಷೋಕೇಸಿನಲ್ಲಿ ಇಟ್ಟು ಎರಡು ದಿನ ನೋಡಿಕೊಂಡು ಕೂತಿದ್ದೆ.

ಭಾನುವಾರ ಭಾವ, ಅಕ್ಕ, ಪಕ್ಕದ ಮನೆಯ ಇಬ್ಬರು ಬಂದರು. ಚುರುಮುರಿ, ಕಾಫಿ ಎಲ್ಲ ಆಯಿತು. ಸಿನಿಮಾ ಹಾಕಿದೆ. 194 ನಿಮಿಷದ್ದರಲ್ಲಿ ಶುರುವಿಗೆ ಬರೀ ಸಂಗೀತ ಇರುತ್ತದೆ, ಮಧ್ಯದಲ್ಲಿ ಇಂಟರ್ವಲ್ ಕೂಡ ಇದೆ. ಸಂಗೀತ ಬರಲಿಲ್ಲ. ಮೆನುವಿನಲ್ಲಿ ಎಲ್ಲೋ ತಪ್ಪು ಒತ್ತಿರಬೇಕು ಅಂದುಕೊಂಡೆ. ಇಂಟರ್ವಲ್ಲೂ ಬರಲಿಲ್ಲ. ಬರುತ್ತೆ ಬರುತ್ತೆ ಅಂದುಕೊಂಡೆ. ಮನಸ್ಸಿಗೆ ಗೊತ್ತಾಗಿತ್ತು, ಆದರೆ ಒಪ್ಪಿಕೊಳ್ಳೋಕೆ ತಯಾರಿಲ್ಲ. ರಾಜ ಸತ್ತ. ನಾನು ಎದ್ದು ನಿಂತು, ‘ಭಾವ, ಈಗ ನೋಡಿ, ಈಗ ಹುಡುಗ ಬರ್ತಾನೆ’ ಅಂದೆ. ಎಲ್ಲರೂ ಮುಂದಕ್ಕೆ ಬಾಗಿ ಕೂತರು.

ಹುಡುಗ ಬರಲಿಲ್ಲ.

ನೇರವಾಗಿ ಸಿಬಿಲಾಳ ಗಂಡನಿಗೇ ಪಟ್ಟ ಕಟ್ಟಿಬಿಟ್ಟರು. ‘ಇವನಾ ಹುಡುಗ? ಗಡ್ಡ ಇದೆಯಲ್ಲೋ’ ಅಂದರು ಭಾವ. ಪಕ್ಕದ ಮನೆಯವರು ನಗು ತಡೆದುಕೊಂಡು ಕಾಫಿ ಲೋಟ ನೋಡುತ್ತಿದ್ದರು. ಮುಗಿದಾಗ ಪ್ಲೇಯರ್‌ನಲ್ಲಿ 2 ಗಂಟೆ 24 ನಿಮಿಷ. ಡಬ್ಬದ ಮೇಲೆ 194 ಅಂತ ಅಚ್ಚುಕಟ್ಟಾಗಿ ಪ್ರಿಂಟ್ ಆಗಿದೆ.

ಎಲ್ಲರೂ ಹೋದ ಮೇಲೆ ಡಿಸ್ಕ್ ತಿರುಗಿಸಿದೆ. ನೇರಳೆ ಬಣ್ಣ! ಮನೆಯಲ್ಲಿ ರೈಟ್ ಮಾಡಿದ ಡಿಸ್ಕ್. ಕಂಪನಿಯದ್ದಾದರೆ ಬೆಳ್ಳಿ ಹಾಗೆ ಹೊಳೆಯುತ್ತದೆ, ನಿಮಗೂ ಗೊತ್ತು. ಮೆಜೆಸ್ಟಿಕ್ ಫುಟ್‌ಪಾತ್‌ನಲ್ಲಿ 50 ರೂಪಾಯಿಗೆ ಬಿಕರಿಯಾಗುತ್ತಿದ್ದ ಮಾಲು ಇದು. ಆವಾಗ ನಾನೂ ಕೊಂಡಿದ್ದೇನೆ, ಇಲ್ಲ ಅನ್ನಲ್ಲ. ಆದರೆ ಆ ಫುಟ್‌ಪಾತಿನವನು ಒರಿಜಿನಲ್ ಅಂತ ಸುಳ್ಳು ಹೇಳುತ್ತಿರಲಿಲ್ಲ.

ಎದೆ ಹಿಡಿದುಕೊಂಡು ‘ಬ್ಲೇಡ್ ರನ್ನರ್’ ತೆಗೆದೆ. ನಿಜವಾದ ಸೆಟ್‌ನಲ್ಲಿ ಐದು ರೂಪ ಇರುತ್ತವೆ: 1982ರ ಎರಡು, 1992ರದ್ದು, 2007ರ ಫೈನಲ್ ಕಟ್, ಮತ್ತೆ ಬಿಡುಗಡೆಗೆ ಮುಂಚಿನ ವರ್ಕ್‌ಪ್ರಿಂಟ್. 1982ರದ್ದರಲ್ಲಿ ಹ್ಯಾರಿಸನ್ ಫೋರ್ಡ್ ನೂಡಲ್ಸ್ ಅಂಗಡಿ ಹತ್ತಿರ ಪೇಪರ್ ಹಿಡಿದು ಕೂತಿರುವಾಗ ಹಿನ್ನೆಲೆಯಲ್ಲಿ ಅವನದೇ ದನಿ ಬರುತ್ತದೆ. ಜನಕ್ಕೆ ಕಥೆ ಅರ್ಥ ಆಗಲ್ಲ ಅಂತ ಸೇರಿಸಿದ್ದು. ಅದರ ಸುಖಾಂತ್ಯದ ಬೆಟ್ಟಗುಡ್ಡದ ಶಾಟ್‌ಗಳು ಇನ್ನೊಬ್ಬ ನಿರ್ದೇಶಕ ಕುಬ್ರಿಕ್ ತನ್ನ ‘ದಿ ಶೈನಿಂಗ್’ ಸಿನಿಮಾಗೆ ತೆಗೆಸಿ ಉಳಿದಿದ್ದ ರೀಲಿನವು. ಎರಡನ್ನೂ ಬೈಯುವುದಕ್ಕಾದರೂ ಒಮ್ಮೆ ನೋಡಬೇಕು ಅಂತ ನನಗೆ ಆಸೆ. 1982 ಅಂತ ಬರೆದಿದ್ದ ಡಿಸ್ಕ್ ಹಾಕಿದೆ. ಮಳೆ ಸುರಿಯುತ್ತಿದೆ, ಫೋರ್ಡ್ ಪೇಪರ್ ಹಿಡಿದಿದ್ದಾನೆ. ಮಾತಿಲ್ಲ. ಇನ್ನೊಂದು ಹಾಕಿದೆ, ಮಾತಿಲ್ಲ. ರಾತ್ರಿ ಹನ್ನೆರಡರವರೆಗೆ ಐದೂ ಹಾಕಿ ನೋಡಿದೆ. ಐದಕ್ಕೆ ಐದೂ 2007ರ ಫೈನಲ್ ಕಟ್!

ಈಗ ಆ ಆಸಾಮಿಯ ಉತ್ತರಗಳನ್ನು ಓದಿ.

‘ಸರ್, ಪ್ಲೇ ಆಗ್ತಿದೆ ಅಲ್ವಾ? ಮತ್ತೇನು ಪ್ರಾಬ್ಲಮ್?’

ಐವತ್ತು ನಿಮಿಷ ಕಮ್ಮಿ ಇದೆ ಅಂದೆ. ‘ಅದು ಪಾಲ್ ಡಿಸ್ಕ್ ಸರ್, ಸ್ವಲ್ಪ ಫಾಸ್ಟ್ ಓಡುತ್ತೆ.’ ನೋಡಿ, ಇಲ್ಲೇ ಅವನ ಜಾಣತನ ಇರೋದು. ಪಾಲ್ ಅಂದರೆ ಯುರೋಪ್, ಭಾರತದ ಹಳೇ ಟಿವಿ ಪದ್ಧತಿ. ಪಾಲ್ ಡಿವಿಡಿ ಫಾಸ್ಟ್ ಓಡೋದು ನಿಜ. ಸೆಕೆಂಡಿಗೆ 24 ಫ್ರೇಮ್ ಇರೋದನ್ನು 25ರಲ್ಲಿ ಓಡಿಸುತ್ತಾರೆ. ಹಾಗೆ ಓಡಿಸಿದರೂ 194 ನಿಮಿಷ 186 ಆಗಬಹುದು. 144 ಹೇಗಪ್ಪಾ ಆಗುತ್ತೆ? ಹುಡುಗನೂ ಓಡಿ ಹೋದನಾ? ಈ ಲೆಕ್ಕ ಎಲ್ಲ ಬರೆದು ಕಳಿಸಿದೆ. ಅರಗಿನ ಸೀನ್ ಬಗ್ಗೆಯೂ ಉದ್ದಕ್ಕೆ ಬರೆದೆ. ಅರ್ಧ ಗಂಟೆ ಬಿಟ್ಟು ಉತ್ತರ ಬಂತು.

‘ಕಟ್ ಅಂದ್ಮೇಲೆ ಕಟ್ ಆಗಿರುತ್ತೆ ಸರ್. ಹೆಸರಲ್ಲೇ ಇದೆ.’

ದುಡ್ಡು ವಾಪಸ್ ಕೊಡು ಅಂದೆ. ಅಲ್ಲಿಗೆ ಸರ್ ಹೋಗಿ ಬ್ರೋ ಆಯಿತು. ‘ಬ್ರೋ, ಒಂದು ಸಿನಿಮಾಗೆ ಇಷ್ಟೆಲ್ಲಾನಾ? ಸುಮ್ನೆ ಎಂಜಾಯ್ ಮಾಡಿ.’ ಆಮೇಲೆ ಬ್ಲಾಕ್. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡೋಣ ಅಂತ ಮೊಬೈಲ್ ಎತ್ತಿಕೊಂಡರೆ ನನ್ನ ಹೆಂಡತಿ, ‘ಏನಂತ ದೂರು ಕೊಡ್ತೀರಿ? ಹುಡುಗ ಕಾಣೆಯಾಗಿದ್ದಾನೆ ಅಂತಾನಾ?’ ಅಂದಳು. ಆದರೂ ಮಾಡಿದೆ. ದೂರು ಬರೆಸಿದ್ದೇನೆ. ನೀವೂ ನಾಚಿಕೆ ಬಿಟ್ಟು ಮಾಡಿ.

ಕೊಳ್ಳಲೇಬೇಕು ಅಂದರೆ ಡಿಸ್ಕ್ ಹಿಂಭಾಗದ ಫೋಟೋ ಬರುವ ತನಕ ಒಂದು ಪೈಸೆ ಹಾಕಬೇಡಿ. ವಿಡಿಯೋ ಕಾಲ್‌ನಲ್ಲಿ ನೀವು ಹೇಳಿದ ಸೀನನ್ನು ಹಾಕಿ ತೋರಿಸಲಿ. ಯಾವ ಸೀನು ಅಂತ ಮುಂಚೆ ಹೇಳಬೇಡಿ, ಆ ಕ್ಷಣದಲ್ಲೇ ಕೇಳಿ. ‘ನಿಮಗೆ ಟೇಸ್ಟ್ ಇದೆ’ ಅಂದರೆ ಫೋನ್ ಇಟ್ಟುಬಿಡಿ.

ಇಷ್ಟು ಅವಸರವಾಗಿ ಬರೆಯೋಕೆ ಕಾರಣ ಇದೆ. ನಿನ್ನೆ ರಾತ್ರಿ ಹೆಂಡತಿಯ ಫೋನ್‌ನಲ್ಲಿ ಅದೇ ಆ್ಯಪ್ ತೆಗೆದೆ. ಬೇರೆ ಹೆಸರಿನಲ್ಲಿ ಅದೇ ಜಾಹೀರಾತು ಮತ್ತೆ ಬಂದಿದೆ. ಅದೇ ಫೋಟೋ, ಡಬ್ಬದ ಮೂಲೆಯಲ್ಲಿ ಅದೇ ಹರಿದ ಸ್ಟಿಕರ್. ಬೆಲೆ ಮಾತ್ರ 4,500. ಕೆಳಗೆ ಹೊಸದಾಗಿ ಒಂದು ಸಾಲು ಸೇರಿಸಿದ್ದಾನೆ: ‘194 ನಿಮಿಷ, ಹುಡುಗನ ಕೈ ಮೇಲೆ ಅರಗು ಬೀಳೋ ಒರಿಜಿನಲ್ ವರ್ಷನ್.’