ಎರೆ ಭೂಮಿಯಲ್ಲಿ ಕ್ರೇನಿನ ಕಾಲಡಿಯ ಪಾಲಿಎಥಿಲಿನ್ ಪ್ಯಾಡ್: ಹಲವು ಮಳೆಗಾಲಗಳ ಬಳಕೆಯ ನಂತರ

ಹುಬ್ಬಳ್ಳಿಯಿಂದ ಬಾಡಿಗೆಗೆ ಹೋಗುವ ನಮ್ಮ ಟ್ರಕ್ ಕ್ರೇನಿನ ಔಟ್‌ರಿಗರ್‌ಗಳ (ಸಾಮಾನು ಎತ್ತುವಾಗ ಕ್ರೇನ್ ವಾಲದಂತೆ ಬದಿಗೆ ಚಾಚಿ ನೆಲಕ್ಕೆ ಊರುವ ಕಾಲುಗಳ) ಕೆಳಗೆ ಹಾಕಲು ಕೊಂಡ ನಾಲ್ಕು ಕಪ್ಪು ಪಾಲಿಎಥಿಲಿನ್ ಪ್ಯಾಡ್‌ಗಳ ಬಗ್ಗೆ ಈ ವಿಮರ್ಶೆ. ಪ್ರತಿಯೊಂದು ಪ್ಯಾಡ್ 1 ಮೀಟರ್ ಉದ್ದ, 1 ಮೀಟರ್ ಅಗಲ ಮತ್ತು 50 ಮಿಲಿಮೀಟರ್ ದಪ್ಪವಿದ್ದು, ಎರಡು ಬದಿಗೆ ಹಗ್ಗದ ಹಿಡಿಕೆಗಳಿವೆ. ನವಲಗುಂದ, ಅಣ್ಣಿಗೇರಿ, ನರಗುಂದದ ಕಡೆ ಹತ್ತಿ ಜಿನ್ನಿಂಗ್ ಶೆಡ್ಡಿನ ಛಾವಣಿಯ ಟ್ರಸ್ ಏರಿಸುವುದರಿಂದ ಹಿಡಿದು ಹುಬ್ಬಳ್ಳಿ-ಧಾರವಾಡದ ಬಡಾವಣೆಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಳಿಸುವವರೆಗೆ ಎಲ್ಲ ಕೆಲಸಕ್ಕೂ ಇವನ್ನು ಬಳಸಿದ್ದೇವೆ. ವಸ್ತು ಒಳ್ಳೆಯದು. ಆದರೆ ಅದು 40 ಟನ್ ತಡೆಯುತ್ತದೆ ಎಂದು ಮಾರುವಾಗ ಹೇಳುವ ಮಾತನ್ನು ಎರೆ ಭೂಮಿಯಲ್ಲಿ ಹಾಗೆಯೇ ನಂಬುವಂತಿಲ್ಲ.

ಮೊದಲು ಮೆಚ್ಚಬೇಕಾದದ್ದು ಅದರ ತೂಕ. ಒಂದು ಪ್ಯಾಡ್ ಸುಮಾರು 47 ಕಿಲೋ ಇರುವುದರಿಂದ ಇಬ್ಬರು ಹುಡುಗರು ಹಿಡಿಕೆ ಹಿಡಿದು ಒಯ್ಯುತ್ತಾರೆ. ಅಷ್ಟೇ ಅಳತೆಯ 25 ಮಿಲಿಮೀಟರ್ ದಪ್ಪದ ಉಕ್ಕಿನ ಪ್ಲೇಟು ಹತ್ತಿರ ಹತ್ತಿರ ಎರಡು ಕ್ವಿಂಟಲ್ ತೂಗುತ್ತದೆ. ಅದನ್ನು ಸರಿಸಲು ಇನ್ನೊಂದು ಯಂತ್ರವೇ ಬೇಕು. ಹುಬ್ಬಳ್ಳಿ ರೈಲ್ವೆಯ ಊರಾದ್ದರಿಂದ ಇಲ್ಲಿಯ ಕ್ರೇನಿನವರೆಲ್ಲ ಮೊದಲಿನಿಂದಲೂ ಹಳೆಯ ಮರದ ಸ್ಲೀಪರ್‌ಗಳನ್ನೇ ನೆಚ್ಚಿಕೊಂಡವರು. ಹಳಿಗಳ ಕೆಳಗೆ ಕಾಂಕ್ರೀಟ್ ಸ್ಲೀಪರ್ ಬಂದ ಮೇಲೆ ಒಳ್ಳೆಯ ಮರದವು ಸಿಗುವುದು ವಿರಳವಾಗಿದೆ, ಸಿಕ್ಕವೂ ಒಳಗೆ ಗೆದ್ದಲು ತಿಂದೋ ಉದ್ದಕ್ಕೆ ಸೀಳಿಯೋ ಇರುತ್ತವೆ. ಪ್ಯಾಡಿಗೆ ಈ ಕಾಟವಿಲ್ಲ. ಅದು ನೀರು ಹೀರುವುದಿಲ್ಲ, ಮೇಲೆ ಡೀಸೆಲ್ ಅಥವಾ ಹೈಡ್ರಾಲಿಕ್ ಆಯಿಲ್ ಸೋರಿದರೂ ಹಾಳಾಗುವುದಿಲ್ಲ. ವರ್ಷಗಟ್ಟಲೆ ಬಿಸಿಲಿನಲ್ಲಿ ಬಿದ್ದಿದ್ದರೂ ನಮ್ಮ ಪ್ಯಾಡ್‌ಗಳು ಬಿರುಕು ಬಿಟ್ಟಿಲ್ಲ.

ಇನ್ನು ಅದರ ಮೇಲೆ ಅಚ್ಚೊತ್ತಿದ '40 ಟನ್' ಎಂಬ ಸಂಖ್ಯೆ. ಅಷ್ಟು ಭಾರಕ್ಕೆ ಪ್ಯಾಡ್ ಒಡೆಯುವುದಿಲ್ಲ ಎಂದಷ್ಟೇ ಅದು ಹೇಳುತ್ತದೆ. ಕೆಳಗಿನ ಮಣ್ಣು ತಡೆಯುತ್ತದೆಯೇ ಎಂಬುದು ಬೇರೆಯೇ ಲೆಕ್ಕ. ಕ್ರೇನಿನ ಸ್ವಂತ ತೂಕ 24 ಟನ್, ಎತ್ತುವ ಸಾಮಾನು 6 ಟನ್ ಎಂದು ಹಿಡಿಯೋಣ. ಬೂಮ್ (ಸಾಮಾನು ಎತ್ತುವ ಉದ್ದ ತೋಳು) ಒಂದು ಮೂಲೆಯ ಕಡೆಗೆ ತಿರುಗಿದಾಗ ಒಟ್ಟು ಭಾರದ ಮುಕ್ಕಾಲು ಪಾಲು ಆ ಒಂದೇ ಕಾಲಿನ ಮೇಲೆ ಬೀಳಬಹುದು ಎಂಬುದು ಈ ಕಸುಬಿನ ರೂಢಿಯ ಲೆಕ್ಕ, ಅಂದರೆ ಸುಮಾರು 22 ಟನ್. ಕ್ರೇನಿನ ಪಾದ 40 ಸೆಂಟಿಮೀಟರ್ ಚೌಕವಿದ್ದರೆ ಒತ್ತಡ ಚದರ ಮೀಟರಿಗೆ 140 ಟನ್ನಿನ ಆಸುಪಾಸಿಗೆ ಹೋಗುತ್ತದೆ. ಪ್ಯಾಡ್ ಇಟ್ಟರೆ ಅದು 22 ಟನ್ನಿಗೆ ಇಳಿಯುತ್ತದೆ. ಇಳಿಕೆ ದೊಡ್ಡದೇ, ಆದರೆ ಅಡಿಪಾಯದ ಲೆಕ್ಕಕ್ಕೆ ಎಂಜಿನಿಯರುಗಳು ಬಳಸುವ ರೂಢಿಯ ಕೋಷ್ಟಕದಲ್ಲಿ ಒಣ ಎರೆಮಣ್ಣಿಗೇ ಚದರ ಮೀಟರಿಗೆ 15 ಟನ್ ಎಂದಿದೆ. ಹೆಬ್ಬೆರಳು ಒತ್ತಿದರೆ ಗುರುತು ಮೂಡುವ ಜೇಡಿಗೆ 10 ಟನ್, ಹೆಬ್ಬೆರಳು ಸಲೀಸಾಗಿ ಒಳಗೆ ಇಳಿಯುವ ಮೆತ್ತನೆಯ ಜೇಡಿಗೆ 5 ಟನ್ ಮಾತ್ರ. ಏಪ್ರಿಲ್‌ನಲ್ಲಿ ಕಲ್ಲಿನಂತೆ ಬಿಗಿದು ಬಿರುಕು ಬಿಟ್ಟ ಹೊಲವೇ ಎರಡು ದೊಡ್ಡ ಮಳೆಯಾದ ಮೇಲೆ ಈ ಕೊನೆಯ ಸಾಲಿಗೆ ಬಂದು ನಿಲ್ಲುತ್ತದೆ. ಆದ್ದರಿಂದ 'ಪ್ಯಾಡ್ ಇದೆಯಲ್ಲ' ಎಂದು ಹಸಿ ಹೊಲಕ್ಕೆ ಕ್ರೇನ್ ಇಳಿಸುವುದು ಲೆಕ್ಕಕ್ಕೆ ಹೊಂದುವ ಮಾತಲ್ಲ.

ಇದರ ಜೊತೆಗೆ ಬಾಗುವ ಗುಣವೂ ಇದೆ. ಉಕ್ಕಿನ ಬಿಗಿತ ಪಾಲಿಎಥಿಲಿನ್‌ನದಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲು. ಮೆತ್ತಗಿನ ನೆಲದ ಮೇಲೆ ಭಾರ ಬಿದ್ದಾಗ ನಮ್ಮ ಪ್ಯಾಡಿನ ನಡುಭಾಗ ತಟ್ಟೆಯಂತೆ ತಗ್ಗುತ್ತದೆ, ನಾಲ್ಕು ಮೂಲೆಗಳು ಏಳುತ್ತವೆ, ಮೂಲೆಯ ಕೆಳಗೆ ಬೆರಳು ತೂರುವಷ್ಟು ಸಂದು ಕಾಣುತ್ತದೆ. ನೆಲ ಬಿಟ್ಟು ಎದ್ದ ಮೂಲೆ ಭಾರ ಹೊರುತ್ತಿಲ್ಲವಾದ್ದರಿಂದ 1 ಚದರ ಮೀಟರ್ ಎಂದು ನಾವು ಹಿಡಿದ ಲೆಕ್ಕ ಅಲ್ಲಿಯೇ ಸುಳ್ಳಾಗುತ್ತದೆ. ಭಾರ ಇಳಿದ ಮೇಲೆ ಪ್ಯಾಡ್ ಮತ್ತೆ ಸಮತಟ್ಟಾಗುವುದು ಅದರ ಬಾಳಿಕೆಗೆ ಒಳ್ಳೆಯದು, ಮಣ್ಣಿಗೆ ಅದರಿಂದ ಲಾಭವಿಲ್ಲ. ಬೇಸಿಗೆಯ ನಡುಹಗಲಿನಲ್ಲಿ ಕಪ್ಪು ಪ್ಯಾಡ್ ಕಾದಾಗ ಈ ಬಾಗು ಇನ್ನಷ್ಟು ಹೆಚ್ಚುತ್ತದೆ.

ಹೀಗಾಗಿ ಎರೆ ಭೂಮಿಯಲ್ಲಿ ನಾವು ಸ್ಲೀಪರ್‌ಗಳನ್ನು ಬಿಟ್ಟಿಲ್ಲ. ಬ್ರಾಡ್‌ಗೇಜಿನ ಮರದ ಸ್ಲೀಪರ್ 2.75 ಮೀಟರ್ ಉದ್ದ, 25 ಸೆಂಟಿಮೀಟರ್ ಅಗಲ ಇರುತ್ತದೆ. ನಾಲ್ಕನ್ನು ಒತ್ತೊತ್ತಾಗಿ ಹಾಸಿದರೆ 2.75 ಚದರ ಮೀಟರ್ ಆಗುತ್ತದೆ, ಅದರ ಮೇಲೆ ಪ್ಯಾಡ್ ಇಟ್ಟರೆ ಒತ್ತಡ ಲೆಕ್ಕದಲ್ಲಿ 8 ಟನ್ನಿಗೆ ಬರುತ್ತದೆ. ಸ್ಲೀಪರ್‌ನ ತುದಿಗಳು ತಮ್ಮ ಪಾಲಿನ ಭಾರವನ್ನು ಪೂರ್ತಿ ಹೊರುವುದಿಲ್ಲವಾದ್ದರಿಂದ ಮಳೆಗಾಲದಲ್ಲಿ ಕೆಳಗೆ ಇನ್ನೂ ಅಗಲವಾದ ಒಂದು ಪದರವನ್ನು ಅಡ್ಡಲಾಗಿ ಹಾಕುತ್ತೇವೆ, ಮಾಲೀಕರು ಒಪ್ಪಿದರೆ ಮೊದಲು ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ಹೊಡೆಸಿ ರೋಲರ್ ಓಡಿಸುತ್ತೇವೆ. ಗರಸು ಹೊಡೆಸಿದ ಕಡೆ ಕೆಲಸ ಎಷ್ಟು ನಿಶ್ಚಿಂತೆಯಿಂದ ಸಾಗುತ್ತದೆ ಎಂದರೆ, ಆ ಖರ್ಚಿಗೆ ಚೌಕಾಸಿ ಮಾಡುವ ಮಾಲೀಕರನ್ನು ಕಂಡರೆ ನನಗೆ ಈಗಲೂ ಬೇಸರವಾಗುತ್ತದೆ.

ನಯವಾದ ಪ್ಯಾಡ್ ಕೆಸರಿನ ಮೇಲೆ ಜಾರುತ್ತದೆ. ನೆಲವನ್ನು ಸಲಿಕೆಯಿಂದ ಸಮ ಮಾಡದೆ, ಕಲ್ಲು ಆರಿಸದೆ ಇಡಬಾರದು, ಕ್ರೇನಿನ ಪಾದ ಪ್ಯಾಡಿನ ನಟ್ಟನಡುವೆಯೇ ಕೂರಬೇಕು. ಊರೊಳಗೆ ಹೆಚ್ಚಿನ ಅಪಾಯ ಇರುವುದು ನೀರಿನ ಪೈಪಿಗೋ ಒಳಚರಂಡಿಗೋ ಅಗೆದು ಮುಚ್ಚಿದ ಜಾಗದಲ್ಲಿ. ಮೇಲೆ ಡಾಂಬರು ಚೆನ್ನಾಗಿಯೇ ಕಾಣುತ್ತದೆ, ಕೆಳಗಿನ ಮಣ್ಣು ಮಾತ್ರ ಸಡಿಲ. ತೆರೆದ ಗುಂಡಿಯಿದ್ದರೆ ಕನಿಷ್ಠ ಅದರ ಆಳದಷ್ಟು ದೂರ, ಮಣ್ಣು ಸಡಿಲವಿದ್ದರೆ ಅದರ ಎರಡು ಪಟ್ಟು ದೂರ ಬಿಟ್ಟು ಕಾಲು ಇಳಿಸುವುದು ರೂಢಿ. ನಮ್ಮ ಹಿರಿಯ ಆಪರೇಟರ್ ಕಾಲು ಇಳಿಯುವ ನಾಲ್ಕೂ ಜಾಗದಲ್ಲಿ ಹಾರೆ ಕುಕ್ಕಿ ನೋಡದೆ ಲೀವರ್ ಮುಟ್ಟುವುದಿಲ್ಲ. ಸಾಮಾನನ್ನು ನೆಲದಿಂದ ಗೇಣು ಮೇಲೆತ್ತಿ ಹಿಡಿದು, ಲೆವೆಲ್ ಗಾಜಿನ ಗುಳ್ಳೆ ಸರಿಯುತ್ತದೆಯೇ ಎಂದು ಕಾದು ನೋಡಿದ ಮೇಲೆಯೇ ಅವರು ಬೂಮ್ ತಿರುಗಿಸುತ್ತಾರೆ. ಗುಳ್ಳೆ ಒಂದು ಕಡೆಗೆ ಹೊರಟರೆ ಸಾಮಾನು ಇಳಿಸಿ, ಕಾಲಡಿಗೆ ಮತ್ತೆ ಪ್ಯಾಕಿಂಗ್ ಹಾಕಬೇಕು.

ಹೈಡ್ರಾ ಎಂಬ ಸಣ್ಣ ಕ್ರೇನ್ ಇಟ್ಟುಕೊಂಡವರಿಗೆ ಈ ಪ್ಯಾಡ್ ಅಷ್ಟಾಗಿ ಉಪಯೋಗವಿಲ್ಲ. ಸಾಮಾನು ಹಿಡಿದು ಟೈರಿನ ಮೇಲೆಯೇ ಓಡಾಡುವ ಯಂತ್ರಕ್ಕೆ ದಾರಿಯುದ್ದಕ್ಕೂ ಉಕ್ಕಿನ ಪ್ಲೇಟು ಹಾಸಬೇಕಾಗುತ್ತದೆ.

ಕೊಳ್ಳುವವರು ತೂಕ ಮಾಡಿಸಿಯೇ ತೆಗೆದುಕೊಳ್ಳಬೇಕು. ಶುದ್ಧ ಪಾಲಿಎಥಿಲಿನ್ ನೀರಿಗಿಂತ ಹಗುರವಾದ್ದರಿಂದ ಈ ಅಳತೆಯ ಪ್ಯಾಡ್ 50 ಕಿಲೋ ದಾಟಬಾರದು. ದಾಟಿದರೆ ಅದರಲ್ಲಿ ಬೇರೆ ಪುಡಿ ಬೆರೆತಿದೆ ಎಂದೇ ಅನುಮಾನಿಸಬೇಕು, ಒಂದು ತುಂಡನ್ನು ಬಕೆಟ್ ನೀರಿಗೆ ಹಾಕಿದರೆ ತೇಲುತ್ತದೆಯೋ ಮುಳುಗುತ್ತದೆಯೋ ತಿಳಿಯುತ್ತದೆ. ನಮಗೆ ಮಾರಿದವರು ಭಾರ ಪರೀಕ್ಷೆಯ ಪ್ರಮಾಣಪತ್ರ ಕಳುಹಿಸುತ್ತೇವೆ ಎಂದು ಹೇಳುತ್ತಲೇ ಬಂದರೇ ಹೊರತು ಕೊನೆಗೂ ಕಳುಹಿಸಲಿಲ್ಲ. ಆದ್ದರಿಂದ ಅದು ಕೈಗೆ ಬಂದ ಮೇಲೆಯೇ ಹಣ ಕೊಡುವುದು ಲೇಸು. ಹಗ್ಗದ ಹಿಡಿಕೆ ಬೇಗ ಸವೆಯುತ್ತದೆ, ನಾವು ನೈಲಾನ್ ಹಗ್ಗ ಹಾಕಿಸಿಕೊಂಡಿದ್ದೇವೆ. ಈಗ ಮತ್ತೆ ಕೊಳ್ಳುವುದಾದರೆ ಇದೇ ಅಗಲದಲ್ಲಿ 75 ಮಿಲಿಮೀಟರ್ ದಪ್ಪದ್ದನ್ನು ಆರಿಸುತ್ತೇನೆ. 70 ಕಿಲೋ ಹೊರಲು ಮೂರನೆಯ ಹುಡುಗ ಬೇಕಾದರೂ ಬಾಗು ಸಾಕಷ್ಟು ತಗ್ಗುತ್ತದೆ.