ರಾತ್ರಿ ಪಾಳಿಯ ಹೆಚ್ಚುವರಿ ಸಂಬಳ: ಮೂರು ನಿಯಮಗಳನ್ನು ಓಡಿಸಿ ನೋಡಿದಾಗ

ರಾತ್ರಿ ದುಡಿದವರಿಗೆ ಹೆಚ್ಚುವರಿ ಹಣ ಕೊಡುವುದು ತೀರ್ಮಾನವಾಗಿತ್ತು. ಅದನ್ನು ಸಂಬಳದ ಲೆಕ್ಕ ಹಾಕುವ ಪೇರೋಲ್ ಸಾಫ್ಟ್‌ವೇರಿಗೆ ಯಾವ ನಿಯಮವಾಗಿ ಬರೆಯಬೇಕು ಎಂಬುದು ನನ್ನ ಪಾಲಿಗೆ ಬಂತು. ಮೂರು ಬಗೆಯಲ್ಲಿ ಬರೆದು, ಒಂದೇ ತಿಂಗಳ ಹಾಜರಾತಿಯನ್ನು ಮೂರರಲ್ಲೂ ಓಡಿಸಿದೆ. ಲೆಕ್ಕ ಸುಲಭವಾಗಲೆಂದು ಇಲ್ಲಿ ಗಂಟೆಯ ಕೂಲಿ 100, ಹೆಚ್ಚಳ ಶೇ. 20, ರಾತ್ರಿಯೆಂದರೆ 10ರಿಂದ ಬೆಳಗಿನ 6 ಎಂದಿಟ್ಟುಕೊಳ್ಳೋಣ.

ಮೊದಲನೆಯದು ಪಾಳಿಗೊಂದು ನಿಗದಿತ ಭತ್ಯೆ. ಯಾರಿಗೆ ಯಾವ ಪಾಳಿ ಎಂದು ಬರೆದಿಡುವ ರೋಸ್ಟರಿನಲ್ಲಿ ರಾತ್ರಿ ಪಾಳಿಯ ಸಂಕೇತವಿದ್ದರೆ 160, ಇಲ್ಲದಿದ್ದರೆ ಸೊನ್ನೆ. ಬರೆಯಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಇದರಲ್ಲಿ ನನಗೆ ನಿಜಕ್ಕೂ ಹಿಡಿಸಿದ್ದು ಸಮಾನತೆ: ಕಡಿಮೆ ಕೂಲಿಯವನ ನಿದ್ದೆಗೂ ಅವನ ಮೇಲ್ವಿಚಾರಕನ ನಿದ್ದೆಗೂ ಒಂದೇ ಬೆಲೆ. ಆದರೆ ಹಣ ಹೋಗುವುದು ರೋಸ್ಟರಿನ ಹೆಸರಿಗೆ, ಎಚ್ಚರವಿದ್ದ ಮನುಷ್ಯನಿಗಲ್ಲ. ಇಬ್ಬರು ಪಾಳಿ ಬದಲಾಯಿಸಿಕೊಂಡು ರೋಸ್ಟರ್ ತಿದ್ದದೆ ಉಳಿದ ಕಡೆಯಲ್ಲೆಲ್ಲ ಭತ್ಯೆ ತಪ್ಪು ಕೈಗೆ ಸೇರಿತ್ತು.

ಎರಡನೆಯದು ಬಹುಪಾಲು ನಿಯಮ. ಪಾಳಿಯ ಅರ್ಧಕ್ಕಿಂತ ಹೆಚ್ಚು ಹೊತ್ತು ರಾತ್ರಿಯೊಳಗೆ ಬಿದ್ದರೆ ಇಡೀ ಪಾಳಿಗೆ ಹೆಚ್ಚಳ. ಕೇಳಲು ಉದಾರವಾಗಿದೆ. ಸಂಜೆ 6ರಿಂದ ರಾತ್ರಿ 2ರ ಪಾಳಿ ತೆಗೆದುಕೊಳ್ಳಿ: ಎಂಟರಲ್ಲಿ ನಾಲ್ಕು ಗಂಟೆ ರಾತ್ರಿಯದು, ಸರಿಯಾಗಿ ಅರ್ಧ, ಆದ್ದರಿಂದ ಸೊನ್ನೆ. ಅದೇ ವ್ಯಕ್ತಿ 2:15ರವರೆಗೆ ಉಳಿದರೆ ಎಂಟೂಕಾಲು ಗಂಟೆಗೂ ಹೆಚ್ಚಳ, 165. ಕಾಲು ಗಂಟೆಗೆ ಇಷ್ಟು ವ್ಯತ್ಯಾಸವಾದರೆ ಹಾಜರಾತಿಯ ಪಂಚ್ ಯಂತ್ರದ ಮುಂದೆ ಜನ ಕಾಯುತ್ತಾರೆ, ಮೇಲ್ವಿಚಾರಕರು ಬೇಗ ಮನೆಗೆ ಅಟ್ಟುತ್ತಾರೆ. ಜನರ ನಡುವೆ ಜಗಳ ಹುಟ್ಟಿಸುವ ನಿಯಮ ಇದು. ಇದನ್ನು ನಾನು ಮತ್ತೆ ಮುಟ್ಟುವುದಿಲ್ಲ.

ಮೂರನೆಯದು ಗಂಟೆಯ ಲೆಕ್ಕ: ರಾತ್ರಿಯೊಳಗೆ ಬಿದ್ದ ಹೊತ್ತಿಗೆ ಮಾತ್ರ ಹೆಚ್ಚಳ. ಮೇಲಿನ ವ್ಯಕ್ತಿಗೆ 2ಕ್ಕೆ ಹೋದರೆ 80, 2:15ಕ್ಕೆ ಹೋದರೆ 85. ನ್ಯಾಯ ಕಣ್ಣಿಗೆ ಕಾಣುತ್ತದೆ. ಶ್ರಮ ಬೇಡಿದ್ದೂ ಇದೇ. 10ಕ್ಕಿಂತ ಹೆಚ್ಚು ಮತ್ತು 6ಕ್ಕಿಂತ ಕಡಿಮೆ ಎಂದು ಬರೆದ ನನ್ನ ಮೊದಲ ಪ್ರಯತ್ನ ಎಲ್ಲರಿಗೂ ಸೊನ್ನೆ ಕೊಟ್ಟಿತು. ಸಾಫ್ಟ್‌ವೇರಿನ 24 ಗಂಟೆಯ ಲೆಕ್ಕದಲ್ಲಿ ರಾತ್ರಿ 10 ಎಂದರೆ 22; 22ಕ್ಕಿಂತ ದೊಡ್ಡದೂ 6ಕ್ಕಿಂತ ಚಿಕ್ಕದೂ ಆದ ಗಂಟೆ ಗಡಿಯಾರದಲ್ಲಿಲ್ಲವಲ್ಲ! ರಾತ್ರಿಯನ್ನು 22ರಿಂದ 24, 0ಯಿಂದ 6 ಎಂದು ಎರಡು ತುಂಡು ಮಾಡಿದ ಮೇಲೆ ಸರಿಹೋಯಿತು. ಆಮೇಲೆ ಊಟದ ಬಿಡುವು. ರಾತ್ರಿ ಒಂದು ಗಂಟೆಗೆ ತೆಗೆದುಕೊಂಡ ಸಂಬಳವಿಲ್ಲದ ಅರ್ಧ ಗಂಟೆಯನ್ನು ಸಾಫ್ಟ್‌ವೇರ್ ಪಾಳಿಯ ಕೊನೆಯಿಂದ ಕಳೆಯುತ್ತಿತ್ತು. ಬೆಳಗಿನ 8ಕ್ಕೆ ಮುಗಿಯುವ ಪಾಳಿಗೆ ಅದರಿಂದ ಹೆಚ್ಚಳ ಜಾಸ್ತಿ ಬಂತು. ಬಿಡುವಿಗೂ ಪಂಚ್ ಮಾಡಿಸಿದೆವು. ಋತುವಿಗೆ ತಕ್ಕಂತೆ ಗಡಿಯಾರ ಹಿಂದೆ ಮುಂದೆ ಮಾಡುವ ದೇಶಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು: ಮುಳ್ಳು ಒಂದು ಗಂಟೆ ಹಿಂದೆ ಹೋದ ರಾತ್ರಿ, ಎಂಟು ಗಂಟೆಯೆಂದು ತೋರುವ ಪಾಳಿಯಲ್ಲಿ ಒಂಬತ್ತು ಗಂಟೆ ದುಡಿದಿರುತ್ತಾರೆ.

ಓವರ್‌ಟೈಮ್ ಜೊತೆ ಸೇರಿದಾಗ ಪ್ರಶ್ನೆ ಬೇರೆ. ಒಂದೂವರೆ ಪಟ್ಟು ಕೂಲಿಯ ಮೇಲೆ 20 ಕೂಡಿಸಿದರೆ ಗಂಟೆಗೆ 170. ಮೊದಲು 20 ಕೂಡಿಸಿ ಒಂದೂವರೆ ಪಟ್ಟು ಮಾಡಿದರೆ 180. ಕಾನೂನು ಯಾವುದನ್ನು ಕೇಳುತ್ತದೆಂದು ಮೊದಲು ನೋಡಬೇಕು. ಅದು ಸುಮ್ಮನಿದ್ದರೆ ನನ್ನ ಮತ 180ಕ್ಕೆ, ಏಕೆಂದರೆ ದುಡಿತದ ಹತ್ತನೇ ಗಂಟೆಯೂ ರಾತ್ರಿಯದೇ.

ರಾತ್ರಿ ಎಂಬುದರ ಗಡಿಯನ್ನು ಸಂಸ್ಥೆ ತನ್ನಿಷ್ಟದಂತೆ ಕಿರಿದು ಮಾಡದಿರಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1990ರ ರಾತ್ರಿ ಕೆಲಸದ ಒಡಂಬಡಿಕೆ ಕನಿಷ್ಠ 7 ಗಂಟೆಗಳ ನಿರಂತರ ಅವಧಿಯನ್ನು ಹೇಳುತ್ತದೆ. ನಡುರಾತ್ರಿಯಿಂದ ಬೆಳಗಿನ 5ರವರೆಗಿನ ಹೊತ್ತು ಅದರೊಳಗೆ ಇರಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲಿ, ಮತ್ತೆ 2019ರಲ್ಲಿ, ರಾತ್ರಿ ಪಾಳಿಯನ್ನು ಬಹುಶಃ ಕ್ಯಾನ್ಸರ್‌ಕಾರಕ ಎಂಬ ವರ್ಗದಲ್ಲಿಟ್ಟಿದೆ. ಹಣದಿಂದ ಆ ಅಪಾಯ ಕರಗುವುದಿಲ್ಲ, ಆದರೂ ಲೆಕ್ಕವಾದರೂ ನೆಟ್ಟಗಿರಬೇಕು.

ಕೊನೆಗೆ ನಾವು ಇಟ್ಟುಕೊಂಡದ್ದು ಮೂರನೆಯದನ್ನು, ಮೊದಲನೆಯದರ ಒಳ್ಳೆಯ ಗುಣ ಸೇರಿಸಿ: ಗಂಟೆಗೆ ಶೇ. 20 ಅಥವಾ ಒಂದು ಕನಿಷ್ಠ ಮೊತ್ತ, ಯಾವುದು ಹೆಚ್ಚೋ ಅದು. ಕಡಿಮೆ ಕೂಲಿಯವರಿಗೆ ಆ ಕನಿಷ್ಠವೇ ಕೆಲಸಕ್ಕೆ ಬರುತ್ತಿದೆ. ಪೇಸ್ಲಿಪ್‌ನಲ್ಲಿ ರಾತ್ರಿಯ ಗಂಟೆಗಳನ್ನು ಪ್ರತ್ಯೇಕ ಸಾಲಿನಲ್ಲಿ ಮುದ್ರಿಸಿದೆವು. ವರ್ಷವಿಡೀ ರಾತ್ರಿಯೇ ದುಡಿಯುವವರು ಸಂಬಳ ಸಹಿತ ರಜೆ ಹಾಕಿದಾಗ ಹೆಚ್ಚಳ ಪೂರ್ತಿ ಬಿದ್ದುಹೋಗುವುದು ಕಂಡದ್ದು ಆ ಸಾಲಿನಿಂದಲೇ. ಈಗ ರಜೆಯ ದಿನಗಳಿಗೆ ಹಿಂದಿನ 3 ತಿಂಗಳ ಸರಾಸರಿ ಸೇರಿಸಿ ಕೊಡುತ್ತಿದ್ದೇವೆ.